ಪ್ರಿನ್ಸೆಸ್ ಮೊನೊನೊಕೆಯ ಕಾಡೂ ಕುಲುಮೆಯೂ: ಯಾವುದು ಯಾವ ಊರಿನದು?

ಹಾವಸೆಬಂಡೆ:
ಪ್ರಿನ್ಸೆಸ್ ಮೊನೊನೊಕೆ ಮಾತು ಬಂದರೆ ಸಾಕು, ಯಾಕುಶಿಮಾದ ಹಸಿರು ಫೋಟೋ ನಾಲ್ಕು ಬಂದು ಬೀಳುತ್ತವೆ, ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಹಾಗಾಗದಿರಲಿ ಅಂತ ಈ ಎಳೆ. 1997ರ ಜುಲೈನಲ್ಲಿ ತೆರೆಕಂಡ ಈ ಜಪಾನಿ ಅನಿಮೇಷನ್ ಚಿತ್ರದಲ್ಲಿ ಕನಿಷ್ಠ ಮೂರು ಸೀಮೆಯ ಮಣ್ಣು ಕಲೆತಿದೆ.

ಮೊದಲನೆಯದು ಕಥಾನಾಯಕ ಅಶಿತಾಕನ ಹಳ್ಳಿ. ಅದು ಉತ್ತರದ ಹಳೆಯ ಬುಡಕಟ್ಟಾದ ಎಮಿಶಿ ಜನರ ಊರು. ಅದರ ಹಿಂದಿರುವುದು ಹೊನ್ಶು ದ್ವೀಪದ ಉತ್ತರ ಭಾಗದ, ಅಓಮೊರಿ ಮತ್ತು ಅಕಿತಾ ಪ್ರಾಂತಗಳ ಗಡಿಯ ಶಿರಕಾಮಿ ಸಾಂಚಿ ಬೆಟ್ಟಸಾಲು. ಎಲೆ ಉದುರಿಸುವ ಬೀಚ್ ಮರಗಳ ಕಾಡು ಅದು. ಎರಡನೆಯದು ಕಾಡಿನ ದೇವರು ಶಿಶಿಗಾಮಿಯ ಕಾಡು, ಅಂದರೆ ಕ್ಯೂಶುವಿನ ದಕ್ಷಿಣಕ್ಕಿರುವ ಯಾಕುಶಿಮಾ ದ್ವೀಪ. ಮೂರನೆಯದು ಎಬೋಶಿ ಎಂಬ ಒಡತಿಯ ಕುಲುಮೆಯೂರು, ತತಾರಾಬ. ಪಶ್ಚಿಮ ಹೊನ್ಶುವಿನ ಶಿಮಾನೆ ಪ್ರಾಂತದ ಬೆಟ್ಟಗಳಲ್ಲಿ ನೂರಾರು ವರ್ಷ ಉರಿದ ಕಬ್ಬಿಣದ ಕುಲುಮೆಯ ಹೆಸರೇ ‘ತತಾರಾ’.

ಶಿರಕಾಮಿಯೂ ಯಾಕುಶಿಮಾವೂ 1993ರ ಡಿಸೆಂಬರಿನಲ್ಲಿ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿ ಸೇರಿದವು. 1995ರ ಮೇ ತಿಂಗಳಲ್ಲಿ ನಿರ್ದೇಶಕ ಮಿಯಾಝಾಕಿ ಚಿತ್ರಕಾರರ ತಂಡ ಕಟ್ಟಿಕೊಂಡು ಯಾಕುಶಿಮಾಕ್ಕೆ ಹೋದರು. ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಕುಲುಮೆಯ ಬಗ್ಗೆ ಮಾತ್ರ ಬಾಯಿಬಿಡುವವರು ಕಡಿಮೆ. ಆ ಕುಲುಮೆ ಎಷ್ಟು ಇದ್ದಿಲು ತಿನ್ನುತ್ತದೆ, ಎಷ್ಟು ಗುಡ್ಡ ಕರಗಿಸುತ್ತದೆ ಅನ್ನುವುದು ತಿಳಿಯದೆ ಕಾಡಿಗೂ ತತಾರಾಬಕ್ಕೂ ಯಾಕೆ ಜಗಳ ಅನ್ನುವುದು ಪೂರ್ತಿ ಹಿಡಿತಕ್ಕೆ ಸಿಗುವುದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಬಲ್ಲವರು ವಿವರ ಹಾಕಿ.

ಶರಾವತಿ ತೀರ:
ಕಾಡಿನಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಅಲ್ಲಿಯೇ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ.

ಯಾಕುಶಿಮಾ ಹತ್ತಿರಹತ್ತಿರ ದುಂಡಗಿನ ದ್ವೀಪ, ಸುಮಾರು 500 ಚದರ ಕಿಲೋಮೀಟರ್. ಅಷ್ಟರಲ್ಲೇ ಮಿಯಾನೊಉರಾ ಶಿಖರ 1,936 ಮೀಟರಿಗೆ ಏರುತ್ತದೆ. ಸಮುದ್ರದ ತೇವ ಹೊತ್ತ ಗಾಳಿ ಈ ಗೋಡೆಗೆ ಬಡಿದು ಮೇಲೇರಿ ಮಳೆಯಾಗುತ್ತದೆ. ಕರಾವಳಿಯಲ್ಲೇ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು, ಬೆಟ್ಟದ ಮೇಲೆ ಅದರ ಎರಡು ಪಟ್ಟು. ಆಗುಂಬೆ ಕಡೆಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಆದರೆ ಒಂದು ವ್ಯತ್ಯಾಸ ನೋಡಿ. ಇಲ್ಲಿ ಮಳೆ ನಾಲ್ಕು ತಿಂಗಳಲ್ಲಿ ಹೊಯ್ದು ಮುಗಿಯುತ್ತದೆ, ಅಲ್ಲಿ ವರ್ಷವಿಡೀ ಹಂಚಿಕೊಂಡು ಬೀಳುತ್ತದೆ. ಕಲ್ಲಿನ ಮೇಲಿನ ಪಾಚಿ ಬೇಸಿಗೆಯಲ್ಲೂ ಒಣಗಿ ಕರಿಯಾಗುವುದಿಲ್ಲ. ಸುಮಾರು 600 ಜಾತಿಯ ಪಾಚಿ ಇದೆ ಅಲ್ಲಿ.

ನೆಲ ಗ್ರಾನೈಟು, ಮೇಲೆ ತೆಳ್ಳನೆಯ ಮಣ್ಣು. ಆಹಾರ ಕಡಿಮೆ ಸಿಗುವುದರಿಂದ ಸುಗಿ ಮರ (ಜಪಾನಿ ಸೀಡರ್) ತೀರಾ ನಿಧಾನ ಬೆಳೆಯುತ್ತದೆ. ಉಂಗುರಗಳು ಒತ್ತೊತ್ತಾಗಿ, ಒಳಗೆ ರಾಳ ತುಂಬಿ, ಮರ ಬೇಗ ಕೊಳೆಯುವುದಿಲ್ಲ. ಸಾವಿರ ವರ್ಷ ದಾಟಿದ್ದಕ್ಕೆ ಮಾತ್ರ ಅಲ್ಲಿ ‘ಯಾಕುಸುಗಿ’ ಅನ್ನುತ್ತಾರೆ, ಅದಕ್ಕಿಂತ ಚಿಕ್ಕದು ‘ಕೊಸುಗಿ’, ಅಂದರೆ ಮರಿ ಸುಗಿ.

ಈಗ ತಪ್ಪು ತಿಳಿವಳಿಕೆಗೆ ಬರ್ತೀನಿ. ಶಿಶಿಗಾಮಿಯ ಕಾಡಿಗೆ ಮಾದರಿಯಾದ ಶಿರತಾನಿ ಉನ್ಸುಯ್‌ಕ್ಯೋ ಕಣಿವೆಯನ್ನು ಕೊಡಲಿ ತಾಕದ ಕಾಡು ಅಂತ ಬರೆಯುತ್ತಾರೆ. ಅದು ಸರಿಯಲ್ಲ. ಎಡೊ ಕಾಲದಲ್ಲಿ (17ರಿಂದ 19ನೇ ಶತಮಾನ) ಆ ದ್ವೀಪದ ಸುಗಿಯನ್ನು ಕಡಿದು, ಸೀಳಿ, ಮಾಡಿಗೆ ಹೊದಿಸುವ ತೆಳು ಹಲಗೆ ಮಾಡಿ ಹಡಗಿಗೆ ತುಂಬಿ ಕಳಿಸುತ್ತಿದ್ದರು. ಸೀಳಿದರೆ ನೆಟ್ಟಗೆ ಬಿರಿಯುವ ಮರವೇ ಬೇಕು. ಬುಡ ತಿರುಚಿದ, ಗಂಟುಗಂಟಾದ ಮರ ಕೆಲಸಕ್ಕೆ ಬಾರದು, ಅದನ್ನು ಬಿಟ್ಟರು. ನೆಟ್ಟಗಿನ ಮರಗಳನ್ನು ಬುಡದ ಊದಿದ ಭಾಗ ಬಿಟ್ಟು, ಆಳೆತ್ತರಕ್ಕೂ ಮೇಲೆ ಕಡಿದರು. ಹಾಗೆ ಉಳಿದ ಬೊಡ್ಡೆಗಳು ರಾಳದಿಂದಾಗಿ ಕೊಳೆಯದೆ ಪಾಚಿ ಹೊದ್ದು ನಿಂತವು, ಅವುಗಳ ತಲೆಯ ಮೇಲೆ ಹೊಸ ಸುಗಿ ಬೀಜ ಬಿದ್ದು ಬೇರು ಇಳಿಬಿಟ್ಟಿತು. ಚಿತ್ರದಲ್ಲಿ ಕೊದಾಮಾ ಎಂಬ ಪುಟ್ಟ ಮರದ ಚೇತನಗಳು ಕೂತು ತಲೆ ಗಿರಗಿರ ಆಡಿಸುವ ಆ ಸೊಟ್ಟ ಬೇರು, ಟೊಳ್ಳು ಬುಡ, ಬೊಡ್ಡೆಯ ಮೇಲೆ ಬೊಡ್ಡೆ ಎಲ್ಲ ಮನುಷ್ಯ ಕಡಿದ ಮೇಲೆ ಕಾಡು ಮತ್ತೆ ಎದ್ದ ರೀತಿ. ಗಂಟು ಮರಗಳೇ ಉಳಿದದ್ದೂ ಅದೇ ಕಾರಣಕ್ಕೆ.

ಇನ್ನೊಂದು ಮಾತು. ಬಹಳ ಜನ ಜೋಮೊನ್ ಸುಗಿ ಮರವನ್ನೂ ಈ ಕಾಡನ್ನೂ ಒಂದೇ ಜಾಗ ಅಂದುಕೊಂಡಿದ್ದಾರೆ. ಜೋಮೊನ್ ಸುಗಿ 25.3 ಮೀಟರ್ ಎತ್ತರ, 16.4 ಮೀಟರ್ ಸುತ್ತಳತೆಯ ಮುದಿಮರ. ಅದು ಇನ್ನೂ ಒಳಗಿನ ಬೆಟ್ಟದಲ್ಲಿದೆ, ಹೋಗಿಬರಲು 22 ಕಿಲೋಮೀಟರ್, 10 ಗಂಟೆ ನಡಿಗೆ. ಚಿತ್ರದ ಹಸಿರು ಇರುವುದು ಶಿರತಾನಿಯಲ್ಲಿ, 600ರಿಂದ 1,050 ಮೀಟರ್ ಎತ್ತರದಲ್ಲಿ.

ಬಣ್ಣದ ಬಟ್ಟಲು:
ಶರಾವತಿಯವರೇ, ಆ ಬೊಡ್ಡೆಯ ವಿಷಯ ಬಹಳ ಮುಖ್ಯ. ಚಿತ್ರಕಲೆ ಕಡೆಯಿಂದ ಒಂದೆರಡು ಸೇರಿಸ್ತೀನಿ.

ಈ ಚಿತ್ರಕ್ಕೆ ಕಲಾ ನಿರ್ದೇಶಕರು ಒಬ್ಬರಲ್ಲ, ಐವರು. ಶಿಶಿಗಾಮಿಯ ಕಾಡು ಯಾಮಾಮೊತೊ ನಿಝೊ ಅವರ ಕೈಗೆ, ಉತ್ತರದ ಎಮಿಶಿ ನೆಲ ಓಗಾ ಕಝುಓ ಅವರ ಕೈಗೆ. ಓಗಾ ಅವರು ಅಕಿತಾದಲ್ಲೇ ಹುಟ್ಟಿದವರು, ಶಿರಕಾಮಿ ಅವರ ಪ್ರಾಂತದ್ದೇ ಕಾಡು. ಎರಡೂ ಹಸಿರನ್ನು ಅಕ್ಕಪಕ್ಕ ಇಟ್ಟು ನೋಡಿ. ಅಶಿತಾಕನ ಊರಿನ ಹಸಿರಿನಲ್ಲಿ ಹಳದಿ ಸೇರಿದೆ. ಬೀಚ್ ಎಲೆ ತೆಳು, ಬಿಸಿಲು ಎಲೆಯನ್ನು ತೂರಿ ಕೆಳಗಿಳಿಯುತ್ತದೆ, ನೆಲ ಬೆಳಗಿರುತ್ತದೆ. ಶಿಶಿಗಾಮಿಯ ಕಾಡಿನಲ್ಲಿ ನೀಲಿ ಕಲೆತ ಕಡುಹಸಿರು. ದಪ್ಪ ಹೊಳಪೆಲೆಯ ನಿತ್ಯಹರಿದ್ವರ್ಣ ಮರಗಳ ಕೆಳಗೆ ಬಿಸಿಲು ತುಂಡುತುಂಡಾಗಿ ಬೀಳುತ್ತದೆ, ನೆರಳಿನಲ್ಲಿ ಕಲ್ಲು, ಬೇರು, ಪಾಚಿ ಒಂದೇ ಬಣ್ಣಕ್ಕೆ ಬರುತ್ತವೆ. ಅಶಿತಾಕ ಪಶ್ಚಿಮಕ್ಕೆ ಬಂದ ಅಂತ ಮಾತಿನಲ್ಲಿ ಹೇಳದಿದ್ದರೂ ಎಲೆಯಲ್ಲೇ ಗೊತ್ತಾಗುತ್ತದೆ.

ಜಪಾನಿನ ಈ ಪಶ್ಚಿಮದ ಕಾಡಿನ ಪಟ್ಟಿ ಚೀನಾದ ಯುನ್ನಾನ್ ದಾಟಿ ಹಿಮಾಲಯದ ತಪ್ಪಲಿನವರೆಗೆ ಹಬ್ಬಿದೆ ಎಂಬ ಸಸ್ಯವಿಜ್ಞಾನಿ ನಾಕಾಓ ಸಾಸುಕೆ ಅವರ ವಿಚಾರ ಮಿಯಾಝಾಕಿಗೆ ಬಹಳ ಹಿಡಿಸಿತ್ತು. ಎರಡು ಕಾಡುಗಳನ್ನು ಬೇರೆಬೇರೆ ಮಾಡಿ ತೋರಿಸುವ ಆಸ್ಥೆ ಅಲ್ಲಿಂದ ಬಂದದ್ದು ಅಂತ ನಾನು ಓದಿಕೊಳ್ತೀನಿ.

ಕುಲುಮೆಕಿಡಿ:
ಕುಲುಮೆ ವಿಷಯ ನನಗೆ ಬಿಡಿ. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ತತಾರಾದಲ್ಲಿ ಕಬ್ಬಿಣದ ಕಲ್ಲು ಬಳಸುವುದಿಲ್ಲ, ಕಬ್ಬಿಣದ ಕಪ್ಪು ಮರಳು ಬಳಸುತ್ತಾರೆ. ಶಿಮಾನೆಯ ಬೆಟ್ಟಗಳ ಗ್ರಾನೈಟು ಹುಡಿಯಾಗಿ ಸಡಿಲ ಮಣ್ಣಾಗಿದೆ. ಆ ಮಣ್ಣಿನಲ್ಲಿ ಕಪ್ಪು ಮರಳು ನೂರಕ್ಕೆ ಒಂದೆರಡು ಪಾಲು, ಎಷ್ಟೋ ಕಡೆ ಅಷ್ಟೂ ಇಲ್ಲ. ಗುಡ್ಡದ ಬದಿಗೆ ಕಾಲುವೆ ತೋಡಿ, ಗುಡ್ಡ ಕೆಡವಿ ನೀರಿಗೆ ಬಿಡುತ್ತಿದ್ದರು. ಬಿಳಿ ಮರಳಿಗಿಂತ ಕಪ್ಪು ಮರಳು ಹತ್ತಿರಹತ್ತಿರ ಎರಡು ಪಟ್ಟು ತೂಕ, ಹಾಗಾಗಿ ಕಟ್ಟೆಕಟ್ಟೆಯಾಗಿ ಮಾಡಿದ ತೊಟ್ಟಿಗಳ ತಳದಲ್ಲಿ ಅದು ಕೂರುತ್ತಿತ್ತು, ಹಗುರದ್ದು ಹೊಳೆಗೆ ಹೋಗುತ್ತಿತ್ತು. ಇದಕ್ಕೆ ‘ಕನ್ನ ನಾಗಾಶಿ’ ಅನ್ನುತ್ತಾರೆ. ಕೆಳಗಿನ ಗದ್ದೆಗಳಿಗೆ ಕೆಸರು ನುಗ್ಗದಿರಲಿ ಅಂತ ಸುಗ್ಗಿ ಮುಗಿದ ಮೇಲಿನ ಚಳಿಗಾಲದಲ್ಲಿ ಮಾತ್ರ ಈ ಕೆಲಸ ನಡೆಯುತ್ತಿತ್ತು.

ಮುಂದಿನದು ತಳಪಾಯ. ಮೇಲೆ ಕಾಣುವ ಕುಲುಮೆ ಸಣ್ಣದು, ಸುಮಾರು 3 ಮೀಟರ್ ಉದ್ದ, 1 ಮೀಟರ್ ಅಗಲ, 1.2 ಮೀಟರ್ ಎತ್ತರದ ಮಣ್ಣಿನ ತೊಟ್ಟಿ. ಅದರ ಕೆಳಗೆ 3 ಮೀಟರಿಗೂ ಮಿಕ್ಕಿ ಅಗೆದು ಜಲ್ಲಿ, ಜೇಡಿ, ಇದ್ದಿಲುಪುಡಿ ಪದರ ಪದರವಾಗಿ ಬಡಿದು ಕೂರಿಸಿ, ಎರಡೂ ಪಕ್ಕ ಟೊಳ್ಳು ಸುರಂಗ ಬಿಟ್ಟು, ಒಳಗೆ ಸೌದೆ ಉರಿಸಿ ನೆಲದ ತೇವ ಪೂರ್ತಿ ಹೀರುತ್ತಾರೆ. ಇಲ್ಲಿ ಕೆಲಸಗೇಡಿತನ ಮಾಡಿದರೆ ಮೇಲೆ ಎಷ್ಟು ಊದಿದರೂ ಪ್ರಯೋಜನವಿಲ್ಲ. ನೆಲದ ನೀರು ಆವಿಯಾಗಿ ಶಾಖ ಎಳೆದುಕೊಳ್ಳುತ್ತದೆ, ತಳ ತಣ್ಣಗಾಗಿ ಕಿಟ್ಟ ಗಡ್ಡೆಕಟ್ಟುತ್ತದೆ. ಕರಗಿದ ಕಿಟ್ಟಕ್ಕೆ ನೀರು ತಗುಲಿದರೆ ಸಿಡಿಯುತ್ತದೆ, ಪ್ರಾಣಕ್ಕೇ ಕುತ್ತು.

ಆಮೇಲೆ ತೊಟ್ಟಿಯ ಎರಡು ಉದ್ದ ಬದಿಗಳ ಬುಡದಲ್ಲಿ ಸುಮಾರು 20-20 ಗಾಳಿಕೊಳವೆ. ಬೆಂಕಿ ಹೊತ್ತಿಸಿ, ಅರ್ಧ ಗಂಟೆಗೊಮ್ಮೆ ಇದ್ದಿಲು ಒಂದು ಪದರ, ಕಪ್ಪು ಮರಳು ಒಂದು ಪದರ, ಹೀಗೆ ಮೂರು ಹಗಲು ಮೂರು ರಾತ್ರಿ. ಶಿಮಾನೆಯ ಒಕುಇಝುಮೊದಲ್ಲಿ 1977ರಲ್ಲಿ ಕತ್ತಿಗಳ ಸಂರಕ್ಷಣಾ ಸಂಘ ಮತ್ತೆ ಹೊತ್ತಿಸಿದ ಕುಲುಮೆಯ ಲೆಕ್ಕ ಇದು: ಒಂದು ಸಲಕ್ಕೆ ಸುಮಾರು 10 ಟನ್ ಕಪ್ಪು ಮರಳು, 12 ಟನ್ ಇದ್ದಿಲು, ಕೊನೆಗೆ ಸಿಗುವುದು 2.5 ಟನ್ನಿನ ಒಂದೇ ಗಟ್ಟಿ. ಅದನ್ನು ‘ಕೆರಾ’ ಅನ್ನುತ್ತಾರೆ. ಅದರೊಳಗೆ ಕತ್ತಿಗೆ ಲಾಯಕ್ಕಾದ ಉಕ್ಕು 1 ಟನ್ ಮುಟ್ಟುವುದೂ ಕಷ್ಟ.

ಉಳಿದ ಕಬ್ಬಿಣ ಎಲ್ಲಿ ಹೋಯಿತು? ಗೋಡೆಯನ್ನು ನೋಡಿ. ಕುಲುಮೆಯ ಗೋಡೆ ಬರೀ ಗೋಡೆಯಲ್ಲ, ಅದೂ ಸರಕೇ. ಜೇಡಿಯಲ್ಲಿನ ಸಿಲಿಕಾ ಕರಗಿ ಮರಳಿನ ಕಬ್ಬಿಣದ ಒಂದಷ್ಟನ್ನು ಹಿಡಿದು ಕಿಟ್ಟವಾಗಿ ಹರಿಯುತ್ತದೆ. ಆ ಕಿಟ್ಟವೇ ಒಳಗಿನ ಶಾಖ ಕಾಯುತ್ತದೆ, ಕಲ್ಮಶ ಹೊರತರುತ್ತದೆ. ಅಂದರೆ ಗೋಡೆ ಒಳಗಿನಿಂದ ತಾನೇ ಸವೆದು ಕಬ್ಬಿಣಕ್ಕೆ ಜಾಗ ಬಿಡುತ್ತದೆ. ಮೂರನೆಯ ರಾತ್ರಿ ಹೊತ್ತಿಗೆ ಬುಡ ಇನ್ನು ನಿಲ್ಲಲಾರದಷ್ಟು ತೆಳುವಾಗುತ್ತದೆ, ಆಗ ನಿಲ್ಲಿಸಲೇಬೇಕು. ಕುಲುಮೆ ಒಡೆದು ಗಟ್ಟಿ ಎಳೆಯುತ್ತಾರೆ. ಪ್ರತಿ ಸಲವೂ ಹೊಸ ಕುಲುಮೆ. ಜೇಡಿ ಬೇಗ ಕರಗುವ ಜಾತಿಯದಾದರೆ ಎರಡನೇ ದಿನವೇ ಗೋಡೆ ತೂತು. ಕರಗದ ಜಾತಿಯದಾದರೆ ಕಿಟ್ಟ ಹುಟ್ಟದೆ ಕಬ್ಬಿಣ ಸೇರಿಕೊಳ್ಳುವುದಿಲ್ಲ.

ಉಸ್ತುವಾರಿಗೆ ಒಬ್ಬ ‘ಮುರಾಗೆ’ ಇರುತ್ತಾನೆ. ಅವನಿಗೆ ಅಳತೆ ಉಪಕರಣ ಇಲ್ಲ, ಕೊಳವೆಯ ತೂತಿನಿಂದ ಬೆಂಕಿಯ ಬಣ್ಣ ನೋಡಿಯೇ ನಿರ್ಧಾರ. 18ನೇ ಶತಮಾನದ ಒಂದು ಕೈಪಿಡಿ ಹೇಳುವ ಪ್ರಕಾರ ಮೊದಲ ದಿನ ಬೆಂಕಿ ಹುಟ್ಟುವ ಸೂರ್ಯನ ಬಣ್ಣಕ್ಕಿರಬೇಕು, ನಡುವಿನ ದಿನ ನೆತ್ತಿಯ ಸೂರ್ಯನದು, ಕೊನೆಯ ದಿನ ಮುಳುಗುವ ಸೂರ್ಯನದು. ಮರಳು ಜಾಸ್ತಿ ಹಾಕಿದರೆ ಒಳಗೆ ತಣಿದು ಕೊಳವೆಯ ಬಾಯಿ ಕಟ್ಟುತ್ತದೆ. ಕಡಿಮೆ ಹಾಕಿದರೆ ಉರಿ ಗೋಡೆಯನ್ನೇ ತಿನ್ನುತ್ತದೆ. ಒಂದು ಕೊಳವೆ ಕಟ್ಟಿದರೂ ಆ ಪಕ್ಕ ಗಟ್ಟಿ ಬೆಳೆಯುವುದಿಲ್ಲ, ಕಬ್ಬಿಣದ ಕೋಲಿನಿಂದ ಆಗಾಗ ಚುಚ್ಚಿ ಬಿಡಿಸುತ್ತಿರಬೇಕು.

ನಕ್ಷೆಗಾರ:
ಕಿಡಿ ಅವರೇ, ಅದ್ಭುತ ವಿವರ. ಎರಡು ಪ್ರಶ್ನೆ. ಚಿತ್ರದಲ್ಲಿ ತಿದಿ ತುಳಿಯುವ ಹೆಂಗಸರು ‘ನಾಲ್ಕು ಹಗಲು ಐದು ರಾತ್ರಿ ತುಳಿಯಬೇಕು’ ಅನ್ನುತ್ತಾರಲ್ಲ, ನೀವು ಮೂರು ಅಂದಿರಿ. ಮತ್ತೆ, ಹೆಂಗಸರು ನಿಜವಾಗಿಯೂ ತಿದಿ ತುಳಿಯುತ್ತಿದ್ದರೇ?

ಕುಲುಮೆಕಿಡಿ:
ಎರಡೂ ಒಳ್ಳೇ ಪ್ರಶ್ನೆ ಸರ್.

ತತಾರಾದಲ್ಲಿ ಎರಡು ಪದ್ಧತಿ. ನೇರ ಉಕ್ಕಿನ ಗಟ್ಟಿ ತೆಗೆಯುವುದು ‘ಕೆರಾ ಓಶಿ’, ಮೂರು ದಿನ. ಬೀಡು ಕಬ್ಬಿಣವನ್ನು ಕರಗಿಸಿ ಹೊರಗೆ ಹರಿಸುವುದು ‘ಝುಕು ಓಶಿ’, ಇದಕ್ಕೆ ನಾಲ್ಕು ದಿನ. ಮರಳಿನ ಜಾತಿಯೂ ಬೇರೆ. ಟೈಟಾನಿಯಂ ಕಡಿಮೆ ಇರುವ ‘ಮಾಸಾ’ ಮರಳು ಉಕ್ಕಿಗೆ, ಜಾಸ್ತಿ ಇರುವ ಕೆಂಪುಛಾಯೆಯ ‘ಅಕೊಮೆ’ ಬೀಡಿಗೆ. ಹೆಂಗಸರು ಹೇಳುವ ಲೆಕ್ಕ ಎರಡನೆಯ ಪದ್ಧತಿಗೆ ಹತ್ತಿರ.

ಹೆಂಗಸರ ವಿಷಯದಲ್ಲಿ ಚಿತ್ರ ಸಂಪ್ರದಾಯವನ್ನು ಪೂರ್ತಿ ತಿರುಗಿಸಿದೆ. ಕುಲುಮೆಯ ದೇವತೆ ಕನಯಾಗೊ, ಹೆಣ್ಣುದೇವತೆ. ಆಕೆಗೆ ಹೆಂಗಸರನ್ನು ಕಂಡರೆ ಆಗದು ಎಂಬ ನಂಬಿಕೆಯಿಂದ ಕುಲುಮೆಯ ಮನೆಯೊಳಗೆ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ತಿದಿ ತುಳಿಯುವವರು ‘ಬಾಂಕೊ’ ಎಂಬ ಗಂಡಾಳುಗಳು. ಸರದಿಯ ಮೇಲೆ ಕೆಲಸ ಮಾಡುವುದಕ್ಕೆ ಜಪಾನಿ ಭಾಷೆಯಲ್ಲಿರುವ ‘ಕವಾರಿಬಾಂಕೊ’ ಎಂಬ ಮಾತು ಇವರಿಂದಲೇ ಬಂತು ಅಂತ ಅಲ್ಲಿ ಹೇಳುತ್ತಾರೆ. ಎಬೋಶಿ ಮಾರಾಟವಾದ ಹೆಂಗಸರನ್ನು ಬಿಡಿಸಿ ತಂದು ಅದೇ ತಿದಿಯ ಮೇಲೆ ನಿಲ್ಲಿಸುತ್ತಾಳೆ. ಜಪಾನಿನ ಹಳಬ ಪ್ರೇಕ್ಷಕನಿಗೆ ಆ ಒಂದು ದೃಶ್ಯದಲ್ಲೇ ಇವಳು ಯಾವ ದೇವರಿಗೂ ಬಾಗದವಳು ಅಂತ ತಿಳಿಯುತ್ತದೆ.

ಕನಯಾಗೊಗೆ ನಾಯಿಯನ್ನು ಕಂಡರೂ ಆಗದು. ನಾಯಿ ಅಟ್ಟಿಸಿಕೊಂಡು ಬಂದು ಆಕೆ ಸತ್ತಳು ಎಂಬ ಕಥೆಯಿದೆ. ಆ ಕುಲುಮೆಯೂರಿನವರ ಮೇಲೆ ತೋಳದೇವತೆ ಮೊರೊ ಬೀಳುವುದನ್ನು ನೋಡುವಾಗ ಈ ಕಥೆ ನೆನಪಿರಲಿ.

ಹಾವಸೆಬಂಡೆ:
ಕಾಲದ ಬಗ್ಗೆ ಒಂದು ತಿದ್ದುಪಡಿ ನನ್ನದೂ ಇರಲಿ. ಕಥೆ ನಡೆಯುವುದು ಮುರೊಮಾಚಿ ಕಾಲದಲ್ಲಿ (14ರಿಂದ 16ನೇ ಶತಮಾನ). ಎಮಿಶಿ ನಾಯಕ ಅತೆರುಯಿಯನ್ನು ಯಮಾತೊ ಆಳರಸರು ಕೊಂದದ್ದು 802ರಲ್ಲಿ. ಚಿತ್ರದ ಹಿರಿಯರು ಸೋತು ಇಲ್ಲಿ ಅಡಗಿ 500 ವರ್ಷ ದಾಟಿತು ಅನ್ನುವ ಲೆಕ್ಕ ಅದಕ್ಕೆ ಕೂಡುತ್ತದೆ. ಆದರೆ ದೊಡ್ಡ ಮಾಡಿನ ಕೆಳಗಿನ ಸ್ಥಾವರ ಕುಲುಮೆ ಎಡೊ ಕಾಲದ್ದು. ಅದಕ್ಕೂ ಮೊದಲು ಇದ್ದಿಲು ಸಿಗುವ ಕಡೆಗೆ ಕುಲುಮೆಯೇ ಅಲೆಯುತ್ತಿತ್ತು, ಬಯಲಿನಲ್ಲಿ ಸಣ್ಣದಾಗಿ ಕಟ್ಟುತ್ತಿದ್ದರು. ಮಿಯಾಝಾಕಿ ನಂತರದ ಗಾತ್ರವನ್ನು ಹಿಂದಕ್ಕೆ ಎಳೆದು ತಂದಿದ್ದಾರೆ. ತಿದಿ ಮಾತ್ರ ಹಳೆಯದೇ. ಎರಡು ತುದಿಯಲ್ಲೂ ಗುಂಪಾಗಿ ನಿಂತು ಏತದ ಹಾಗೆ ತುಳಿಯುವ ಹಲಗೆ ಅದು. ಕಡಿಮೆ ಆಳಿನಲ್ಲಿ ತುಳಿಯಬಹುದಾದ ‘ತೆಂಬಿನ್’ ತಿದಿ ಇಝುಮೊದಲ್ಲಿ (ಇಂದಿನ ಶಿಮಾನೆಯ ಪೂರ್ವ ಭಾಗ) ಬಂದದ್ದು 1691ರಲ್ಲಿ ಎನ್ನುತ್ತಾರೆ.

ನಕ್ಷೆಗಾರ:
ಹಾಗಾದರೆ ಕಾಡಿನ ಲೆಕ್ಕಕ್ಕೆ ಬರೋಣ. 12 ಟನ್ ಇದ್ದಿಲು ಅಂದರೆ ಎಷ್ಟು ಕಾಡು?

ಕುಲುಮೆಕಿಡಿ:
ಒಂದು ಸಲ ಕುಲುಮೆ ಹೊತ್ತಿಸಲು ಸುಮಾರು 1 ಹೆಕ್ಟೇರ್ ಕಾಡು, ನಮ್ಮ ಲೆಕ್ಕದಲ್ಲಿ ಎರಡೂವರೆ ಎಕರೆ. ವರ್ಷಕ್ಕೆ 60 ಸಲ ಹೊತ್ತಿಸಿದರೆ 60 ಹೆಕ್ಟೇರ್. ಕಡಿದ ಬುಡ ಚಿಗುರಿ ಮತ್ತೆ ಇದ್ದಿಲಿಗೆ ಬರಲು 30 ವರ್ಷ. ಅಲ್ಲಿಗೆ ಒಂದೇ ಕುಲುಮೆ ನಿಲ್ಲದೆ ನಡೆಯಲು 1,800 ಹೆಕ್ಟೇರ್, ಸುಮಾರು 4,450 ಎಕರೆ ಬೇಕು. ಶಿಮಾನೆಯ ತನಾಬೆಯಂಥ ಕುಲುಮೆ ಮನೆತನಗಳು ಅಷ್ಟು ದೊಡ್ಡ ಕಾಡಿನ ಒಡೆಯರೂ ಆಗಿದ್ದದ್ದು ಇದೇ ಕಾರಣಕ್ಕೆ. ಸರದಿ ಹಾಕಿಕೊಂಡು ಕಡಿದರು, ಕಾಡು ಉಳಿಯಿತು, ಕುಲುಮೆಯೂ ಉಳಿಯಿತು.

ಎಬೋಶಿಗೆ ಆ 30 ವರ್ಷ ಕಾಯುವ ಪುರುಸೊತ್ತಿಲ್ಲ. ಸುತ್ತಲಿನ ದಣಿಗಳು ಮೇಲೆ ಬೀಳುತ್ತಿದ್ದಾರೆ, ಬಂದೂಕಿಗೆ ಈಗಲೇ ಕಬ್ಬಿಣ ಬೇಕು. ಅದಕ್ಕೇ ಹಳೆಯ ಕಾಡಿಗೆ ಕೈ ಹಾಕುತ್ತಾಳೆ.

ಶರಾವತಿ ತೀರ:
ಇಲ್ಲಿ ನನ್ನದೊಂದು ಭಿನ್ನಾಭಿಪ್ರಾಯ. ಕೊಡಲಿಗಿಂತ ಹೆಚ್ಚು ನೆಲ ಕೆಡಿಸಿದ್ದು ಮರಳು ತೊಳೆಯುವ ಕಾಲುವೆ. ನೂರರಲ್ಲಿ ಒಂದು ಪಾಲು ಇಟ್ಟುಕೊಂಡು 99 ಪಾಲು ಮಣ್ಣು ಹೊಳೆಗೆ ಬಿಟ್ಟರೆ ಏನಾಗುತ್ತದೆ? ಶಿಮಾನೆಯ ಹೀಯಿ ನದಿಯ ತಳ ಮರಳು ತುಂಬಿ ತುಂಬಿ ಸುತ್ತಲಿನ ಗದ್ದೆಗಿಂತ ಮೇಲಕ್ಕೇರಿತು. ಒಡ್ಡು ಎತ್ತರಿಸಿದಷ್ಟೂ ತಳ ಎತ್ತರವಾಯಿತು, ನೆರೆ ಬಂದರೆ ಊರಿಗೂರೇ ನೀರು. 17ನೇ ಶತಮಾನದ ಆರಂಭದಲ್ಲಿ ಮಾತ್ಸುಎ ಸಂಸ್ಥಾನ ಈ ಕೆಲಸವನ್ನೇ ಕೆಲಕಾಲ ನಿಷೇಧಿಸಿತ್ತು. ಚಿತ್ರದಲ್ಲಿ ತತಾರಾಬದ ಸುತ್ತ ಗುಡ್ಡಗಳು ಬೋಳಾಗಿ ಬಗೆದು ಬಿದ್ದಿರುವುದನ್ನು ನಿಲ್ಲಿಸಿ ನೋಡಿ. ಶೋಜೊ ಎಂಬ ಕಾಡುಕಪಿಗಳು ರಾತ್ರಿ ಬಂದು ಸಸಿ ನೆಡುತ್ತವೆ ಅಂತ ಬರುವುದೂ ಅಂಥ ಗುಡ್ಡದ ಮೇಲೆಯೇ.

ಹಾಗಂತ ಆ ನೆಲ ಹಾಳುಬಿದ್ದೇ ಉಳಿಯಲಿಲ್ಲ. ಒಕುಇಝುಮೊದಲ್ಲಿ ಗುಡ್ಡ ಕರಗಿದ ಜಾಗವನ್ನು ಸಮ ಮಾಡಿ, ಅದೇ ಕಾಲುವೆಯ ನೀರು ತಿರುಗಿಸಿ ಮೆಟ್ಟಿಲುಗದ್ದೆ ಮಾಡಿದರು. ಈಗ ಆ ಗದ್ದೆಗಳ ಅಕ್ಕಿಗೆ ಒಳ್ಳೇ ಹೆಸರಿದೆ.

ಉಕ್ಕಿನ ಹುಡುಗಿ:
ಕರ್ನಾಟಕದ ಕಡೆಯಿಂದ ಒಂದು ಚಿಕ್ಕ ಹೋಲಿಕೆ, ಯಾಕಂದ್ರೆ ಬಹಳ ಕಡೆ ತತಾರಾ ಉಕ್ಕನ್ನೂ ನಮ್ಮ ಉಕ್ಕನ್ನೂ ಒಂದೇ ಅಂತ ಬರೀತಾರೆ. ದಕ್ಷಿಣ ಭಾರತದ ಮೂಸೆಯ ಉಕ್ಕಿಗೆ ಇಂಗ್ಲಿಷಿನಲ್ಲಿರುವ ‘ವೂಟ್ಜ್’ ಎಂಬ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಹೋದದ್ದು ಅಂತ ಸಾಮಾನ್ಯವಾಗಿ ಒಪ್ಪಿದ್ದಾರೆ. ಈಸ್ಟ್ ಇಂಡಿಯಾ ಕಂಪನಿಯ ಸರ್ವೇಕ್ಷಕ ಬುಕಾನನ್ 1800ರಲ್ಲಿ ಮೈಸೂರು ಸೀಮೆ ಸುತ್ತುವಾಗ ಈ ಕೆಲಸ ನೋಡಿ ಬರೆದಿಟ್ಟಿದ್ದಾನೆ. ಅದರಲ್ಲಿ ಕಬ್ಬಿಣದ ತುಂಡನ್ನು ಕಟ್ಟಿಗೆಚೂರು, ಹಸಿರೆಲೆ ಸಮೇತ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ ಕಾಯಿಸುತ್ತಾರೆ. ಒಳಗೆ ಕಬ್ಬಿಣ ಇಂಗಾಲ ಹೀರಿ ಪೂರ್ತಿ ಕರಗುತ್ತದೆ, ಹೀಗಾಗಿ ಕಿಟ್ಟ ಬೇರ್ಪಟ್ಟು ಉಂಡೆ ಒಂದೇ ಸಮ ಬರುತ್ತದೆ. ತತಾರಾದ ಕೆರಾ ಪೂರ್ತಿ ಕರಗುವುದೇ ಇಲ್ಲ. ಸ್ಪಂಜಿನಂಥ ಗಟ್ಟಿ, ಒಂದು ಮೂಲೆಯಲ್ಲಿ ಗಡಸು, ಇನ್ನೊಂದರಲ್ಲಿ ಮೆದು. ಅದಕ್ಕೇ ಅಲ್ಲಿ ಗಟ್ಟಿಯನ್ನು ಒಡೆದು, ಚೂರು ಆರಿಸಿ, ಮಡಿಸಿ ಮಡಿಸಿ ಬಡಿಯಬೇಕು.

ಬಣ್ಣದ ಬಟ್ಟಲು:
ಎಬೋಶಿಯ ತೋಟದ ರೋಗಿಗಳ ವಿಷಯವನ್ನು ಇಲ್ಲಿ ಯಾರೂ ಎತ್ತಲಿಲ್ಲ. ಪಟ್ಟಿ ಸುತ್ತಿಕೊಂಡು ಬಂದೂಕು ತಯಾರಿಸುವ ಆ ಜನ ಕುಷ್ಠರೋಗಿಗಳು. ಟೋಕಿಯೊ ಹೊರವಲಯದ ತಾಮಾ ಝೆನ್ಶೋಎನ್ ಆಸ್ಪತ್ರೆ ಮಿಯಾಝಾಕಿಯವರ ಮನೆಗೆ ದೂರವಲ್ಲ. ಚಿತ್ರದ ಕೆಲಸದ ದಿನಗಳಲ್ಲಿ ಅಲ್ಲಿಗೆ ನಡೆದು ಹೋಗುತ್ತಿದ್ದೆ, ಆ ಜನರ ಬದುಕನ್ನು ಅಸಡ್ಡೆಯಿಂದ ಚಿತ್ರಿಸಬಾರದು ಅನ್ನಿಸಿತು ಎಂಬ ಅರ್ಥದಲ್ಲಿ ಅವರೇ ಮುಂದೆ ಬಹಿರಂಗವಾಗಿ ಮಾತಾಡಿದ್ದಾರೆ. ರೋಗಿಗಳನ್ನು ಕೂಡಿಹಾಕುತ್ತಿದ್ದ ಕಾನೂನು ಜಪಾನಿನಲ್ಲಿ ರದ್ದಾದದ್ದು 1996ರಲ್ಲಿ, ಚಿತ್ರ ಬರುವುದಕ್ಕೆ ಒಂದೇ ವರ್ಷ ಮೊದಲು. 1299ರ ಇಪ್ಪೆನ್ ಸನ್ಯಾಸಿಯ ಚಿತ್ರಸುರುಳಿಯಲ್ಲಿ ಮುಖ, ತಲೆಗೆ ಬಟ್ಟೆ ಸುತ್ತಿದ ರೋಗಿಗಳು ಗುಂಪಾಗಿ ಕೂತಿದ್ದಾರೆ. ಚಿತ್ರದ ಉಡುಗೆ ಅದನ್ನು ನೆನಪಿಸುತ್ತದೆ.

ಹೆಸರುಗಳ ಮೂಲ ಹುಡುಕುವವರಿಗೆ ಒಂದು ಸಣ್ಣ ಸುಳಿವು. ಒಕ್ಕೊತೊ (ಚಿತ್ರದಲ್ಲಿ ಕಾಡುಹಂದಿಗಳ ದೇವರು), ಎಬೋಶಿ ಇವು ನಾಗಾನೊ ಪ್ರಾಂತದ ಫುಜಿಮಿಯ ಊರುಗಳ ಹೆಸರು. ಮಿಯಾಝಾಕಿಯವರ ಬೆಟ್ಟದ ಮನೆ ಇರುವ ಕಡೆ.

ನಕ್ಷೆಗಾರ:
ಜಪಾನಿಗೆ ಹೋಗುವ ಕನ್ನಡದವರು ಈಗ ಬಹಳ. ನೋಡಲು ಹೋಗುವವರಿಗೆ ಯಾವುದು, ಹೇಗೆ ಅಂತ ಯಾರಾದರೂ ಹಾಕಿದರೆ ಉಪಕಾರ.

ಶರಾವತಿ ತೀರ:
ಶಿರತಾನಿಗೆ ಮಿಯಾನೊಉರಾ ಬಂದರಿನಿಂದ ಬಸ್ಸಿದೆ, ಅರ್ಧ ಗಂಟೆಯ ಮೇಲೆ ಸ್ವಲ್ಪ. ಮೇಲಿನ ತೈಕೊ ಬಂಡೆಯವರೆಗೆ ಹೋಗಿಬರಲು ನಾಲ್ಕು ಗಂಟೆ ಇಟ್ಟುಕೊಳ್ಳಿ. ಹಿಂದೆ ಒಂದು ಜಾಗಕ್ಕೆ ಚಿತ್ರದ ಹೆಸರಿನ ಫಲಕವೇ ಇತ್ತು, ಈಗ ತೆಗೆದಿದ್ದಾರೆ. ಅದೇ ಜಾಗ ಈಗ ‘ಪಾಚಿ ಹೊದ್ದ ಕಾಡು’ ಎಂಬ ಅರ್ಥದ ‘ಕೊಕೆಮುಸು ಮೊರಿ’, ಆ ಹೆಸರು ಹಿಡಿದು ಹುಡುಕಿ. ಕೊಡೆ ಬೇಡ, ಬೇರು ಹಿಡಿದು ಹತ್ತಲು ಎರಡೂ ಕೈ ಬೇಕು. ಮೇಲಂಗಿ, ಪ್ಯಾಂಟು ಬೇರೆಬೇರೆ ಇರುವ ಮಳೆಯುಡುಪು ಒಯ್ಯಿರಿ. ಹಳ್ಳ ದಾಟುವ ಕಡೆ ಸೇತುವೆ ಇಲ್ಲದ ಜಾಗಗಳಿವೆ, ಜೋರು ಮಳೆಗೆ ನೀರು ಗಂಟೆಯೊಳಗೆ ಏರಿ ಆಚೆ ದಡದಲ್ಲಿ ಸಿಕ್ಕಿಕೊಳ್ಳುವವರಿದ್ದಾರೆ. ದಾರಿ ಮುಚ್ಚಿದ ಫಲಕ ಕಂಡರೆ ವಾಪಸ್ ಬನ್ನಿ. ಫೋಟೋಗಾಗಿ ಪಾಚಿ ಮೇಲೆ ಕಾಲಿಡಬೇಡಿ.

ಕುಲುಮೆಕಿಡಿ:
ಕುಲುಮೆಗಾದರೆ ಶಿಮಾನೆಯ ಉನ್ನಾನ್ ಪಟ್ಟಣದ ಯೋಶಿದಾದಲ್ಲಿರುವ ಸುಗಾಯಾಕ್ಕೆ ಹೋಗಿ. 1751ರಲ್ಲಿ ಶುರುವಾಗಿ 1920ರ ದಶಕದವರೆಗೆ ಉರಿದದ್ದು. ಹಳೆಯ ಕುಲುಮೆಮನೆ ಅದರ ಜಾಗದಲ್ಲೇ ಪೂರ್ತಿ ನಿಂತಿರುವುದು ಜಪಾನಿನಲ್ಲಿ ಇದೊಂದೇ. ಸುಮಾರು 18 ಮೀಟರ್ ಚೌಕದ ಮನೆ. ಒಳಗೆ ಹೋದರೆ ಕತ್ತಲು, ನಡುವೆ ಮಣ್ಣಿನ ತೊಟ್ಟಿ, ಎರಡು ಪಕ್ಕ ತಿದಿಯ ಜಾಗ, ಕಿಡಿ ಹಾರಿಹೋಗಲು ನೆತ್ತಿಯಲ್ಲಿ ತೆರೆಯುವ ಮಾಡು. ಸುತ್ತ ಕೆಲಸಗಾರರ ಮನೆಗಳಿರುವ ‘ಸನ್ನಾಯ್’ ಎಂಬ ಕೇರಿ ಹಾಗೇ ಇದೆ, ತತಾರಾಬದ ಓಣಿಗಳನ್ನು ನೆನೆದುಕೊಂಡು ಓಡಾಡಬಹುದು.

ಕನಯಾಗೊ ಬೆಳ್ಳಕ್ಕಿಯ ಮೇಲೆ ಕೂತು ಬಂದು ಇಳಿದದ್ದು ಕತ್ಸುರಾ ಮರದ ಮೇಲೆ ಅಂತ ಕಥೆ, ಆದ್ದರಿಂದ ಕುಲುಮೆಯ ಬಳಿ ಆ ಮರ ಇರುತ್ತದೆ. ಸುಗಾಯಾದ ಬಾಗಿಲೆದುರಿಗೂ ಒಂದಿದೆ. ಏಪ್ರಿಲ್ ಆರಂಭದ ಹೊತ್ತಿಗೆ ಎಲೆ ಬಿಡುವಾಗ ಇಡೀ ಮರ ಕೆಂಪಗೆ ಉರಿಯುತ್ತದೆ, ಮೂರೇ ದಿನ. ಆಮೇಲೆ ಹಸಿರಿಗೆ ತಿರುಗುತ್ತದೆ. ಟಿಕೆಟ್ ಮಾಡಿಸುವಾಗ ಆ ಮೂರು ದಿನ ಸಿಗುತ್ತಾ ನೋಡಿ.